ಬ್ರೌಸರ್ ವಾಲೆಟ್: ಸುಲಭ ಅಂದರೆ ಯಾವುದು ಸುಲಭ?

2025ರ ಕ್ರಿಸ್‌ಮಸ್ ಹೊತ್ತಿಗೆ ಟ್ರಸ್ಟ್ ವಾಲೆಟ್ ಬಳಸುವ ಒಂದಷ್ಟು ಜನರ ಕ್ರಿಪ್ಟೋ ಖಾತೆಗಳು ಖಾಲಿಯಾದವು. ಹೋದದ್ದು ಸುಮಾರು 85 ಲಕ್ಷ ಡಾಲರ್. ಕ್ರಿಪ್ಟೋ ಕಳವಿನ ಸುದ್ದಿ ಹೊಸದೇನಲ್ಲ. ಈ ಸಲ ಗೊಂದಲ ಹುಟ್ಟಿಸಿದ್ದು ಬೇರೆ ವಿಚಾರ. ದುಡ್ಡು ಕಳಕೊಂಡವರು ಅನುಮಾನ ಬರುವಂಥ ಲಿಂಕ್ ಒತ್ತಿರಲಿಲ್ಲ. ಯಾರಿಗೂ ಪಾಸ್‌ವರ್ಡ್ ಹೇಳಿರಲಿಲ್ಲ. ಅವರ ಕ್ರೋಮ್ ಬ್ರೌಸರ್‌ನಲ್ಲಿದ್ದ ವಾಲೆಟ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ತಾನಾಗಿ 2.68 ಆವೃತ್ತಿಗೆ ಅಪ್‌ಡೇಟ್ ಆಗಿತ್ತು. ಎಂದಿನಂತೆ ಅದನ್ನು ತೆರೆದರು, ಅಷ್ಟೇ. ಆ ಆವೃತ್ತಿಯೊಳಗೆ ಕಳ್ಳರ ಕೋಡ್ ಸೇರಿಕೊಂಡಿತ್ತು. ಅದೇ ವಾಲೆಟ್ಟನ್ನು ಮೊಬೈಲ್‌ನಲ್ಲಿ ಮಾತ್ರ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ.

ಅದೇ ವರ್ಷದ ಫೆಬ್ರುವರಿ 21ರಂದು ಬೈಬಿಟ್ ಎಂಬ ಕ್ರಿಪ್ಟೋ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ಎಂಬ ಕ್ರಿಪ್ಟೋ ನಾಣ್ಯ ಹೋಗಿತ್ತು. ಅಷ್ಟು ದೊಡ್ಡ ಕ್ರಿಪ್ಟೋ ಕಳವು ಅದಕ್ಕೆ ಮೊದಲು ಆಗಿರಲಿಲ್ಲ. ಅಲ್ಲಿದ್ದವರು ಹೊಸಬರಲ್ಲ. ಒಬ್ಬರ ಸಹಿ ಸಾಲದು, ಹಲವರು ಸಹಿ ಹಾಕಲೇಬೇಕು ಎಂಬ ಏರ್ಪಾಡಿತ್ತು. ಸಹಿ ಹಾಕಲು ಬೇಕಾದ ಗುಟ್ಟಿನ ಕೀಲಿಗಳು ಪ್ರತ್ಯೇಕ ಹಾರ್ಡ್‌ವೇರ್ ಸಾಧನಗಳಲ್ಲಿದ್ದವು. ಆದರೂ ಅವರು ತಾವೇ ಸಹಿ ಹಾಕಿ ಖಾತೆಯನ್ನು ಕಳ್ಳರ ಕೈಗೆ ಕೊಟ್ಟರು. ಇದು ಉತ್ತರ ಕೊರಿಯಾದ ಕೆಲಸ ಎಂದು ಎಫ್‌ಬಿಐ ಹೇಳಿತು.

ಒಂದು ಕಡೆ ಯಾವ ತಪ್ಪೂ ಮಾಡದೆ ಕಳಕೊಂಡವರು. ಇನ್ನೊಂದು ಕಡೆ ಪುಸ್ತಕದಲ್ಲಿ ಹೇಳಿದ ಎಚ್ಚರವನ್ನೆಲ್ಲ ವಹಿಸಿಯೂ ಕಳಕೊಂಡವರು. ಹಾಗಾದರೆ "ನಮ್ಮ ವಾಲೆಟ್ ಸುಲಭ, ಸುರಕ್ಷಿತ" ಎಂದು ಕಂಪನಿಗಳು ಹೇಳುವುದಕ್ಕೆ ಏನರ್ಥ?

ಎರಡು ಪ್ರಕರಣಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಗೂಢಲಿಪಿಯ ಗಣಿತ ಸೋತಿಲ್ಲ. ಬ್ಲಾಕ್‌ಚೈನ್ ಒಡೆದಿಲ್ಲ. ಕೈಕೊಟ್ಟದ್ದು ಬ್ರೌಸರ್‌ನಲ್ಲಿ ಓಡುತ್ತಿದ್ದ ಕೋಡ್ ಮತ್ತು ಅದು ತೋರಿಸಿದ ಪರದೆ. ವಾಲೆಟ್‌ನ ವಿನ್ಯಾಸ ಎಂದರೆ ಬಣ್ಣ, ಐಕಾನ್, ಬಟನ್ನಿನ ಜಾಗ ಎಂದುಕೊಂಡಿದ್ದವರಿಗೆ ಇದು ಸ್ವಲ್ಪ ಬಿಸಿ ಮುಟ್ಟಿಸುವ ಸಂಗತಿ.

ವಾಲೆಟ್ ಒಳಗೆ ಏನಿರುತ್ತದೆ?

ನಾಣ್ಯಗಳಂತೂ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹಂಚಿಕೊಂಡಿರುವ ಬ್ಲಾಕ್‌ಚೈನ್‌ನಲ್ಲಿದೆ. ವಾಲೆಟ್‌ನಲ್ಲಿ ಇರುವುದು ಖಾಸಗಿ ಕೀಲಿ ಮಾತ್ರ. ಅದು ಒಂದು ದೊಡ್ಡ ಸಂಖ್ಯೆ. ಆ ಸಂಖ್ಯೆ ಗೊತ್ತಿದ್ದವರು ಆ ವಿಳಾಸದ ಪರವಾಗಿ ಸಹಿ ಹಾಕಬಹುದು. ಸಹಿ ಸರಿಯಿದ್ದರೆ ದುಡ್ಡು ಕದಲುತ್ತದೆ. ಸಹಿ ಹಾಕಿದ್ದು ಯಾರು, ಯಾಕೆ ಎಂದು ಬ್ಲಾಕ್‌ಚೈನ್ ಕೇಳುವುದಿಲ್ಲ. ಒಮ್ಮೆ ಹೋದರೆ ವಾಪಸ್ ತರಿಸುವ ಕೌಂಟರೂ ಇಲ್ಲ.

ಅಷ್ಟು ದೊಡ್ಡ ಸಂಖ್ಯೆಯನ್ನು ಮನುಷ್ಯರು ಬರೆದಿಟ್ಟುಕೊಳ್ಳುವುದು ಕಷ್ಟ. ಅದಕ್ಕಾಗಿ 2013ರಲ್ಲಿ ಬಿಐಪಿ-39 ಎಂಬ ಪದ್ಧತಿ ಬಂತು. 2,048 ಪದಗಳ ಒಂದು ಗೊತ್ತಾದ ಪಟ್ಟಿ. ಅದರಿಂದ 12 ಅಥವಾ 24 ಪದಗಳು. ಇದೇ ಸೀಡ್ ಫ್ರೇಸ್. ಈ ಪದಗಳಿಂದ ಎಲ್ಲ ಕೀಲಿಗಳನ್ನೂ ಮತ್ತೆ ಹುಟ್ಟಿಸಬಹುದು. ನೀವೂ ಹುಟ್ಟಿಸಬಹುದು, ಪದಗಳು ಕೈಗೆ ಸಿಕ್ಕ ಯಾರಾದರೂ ಹುಟ್ಟಿಸಬಹುದು.

ಹಾಗಾಗಿ ವಾಲೆಟ್‌ಗೆ ಮೂರು ಕೆಲಸ. ಕೀಲಿ ಹುಟ್ಟಿಸಿ ಕಾಪಾಡುವುದು. ಏನು ನಡೆಯುತ್ತಿದೆ ಎಂದು ತೋರಿಸುವುದು. ನೀವು ಒಪ್ಪಿದಾಗ ಸಹಿ ಹಾಕುವುದು. ಮೊದಲ ಕೆಲಸ ಕೆಟ್ಟರೆ ಬಳಸುವವರಿಗೆ ಗೊತ್ತೇ ಆಗುವುದಿಲ್ಲ. 2022ರಲ್ಲಿ ಇದೇ ಟ್ರಸ್ಟ್ ವಾಲೆಟ್ ಎಕ್ಸ್‌ಟೆನ್ಶನ್‌ನಲ್ಲಿ ಒಂದು ದೋಷವನ್ನು ಲೆಡ್ಜರ್ ಕಂಪನಿಯ ಸಂಶೋಧಕರು ಕಂಡುಹಿಡಿದರು. 12 ಪದಗಳನ್ನು ಆರಿಸಲು ಬಳಸಿದ ಯಾದೃಚ್ಛಿಕ ಸಂಖ್ಯೆ ದುರ್ಬಲವಾಗಿತ್ತು. ಎಣಿಸಲಾಗದಷ್ಟು ಜೋಡಣೆಗಳು ಇರಬೇಕಾದ ಜಾಗದಲ್ಲಿ ಸುಮಾರು 430 ಕೋಟಿ ಮಾತ್ರ ಇದ್ದವು. ನಮಗೆ ದೊಡ್ಡ ಸಂಖ್ಯೆ ಅನ್ನಿಸಬಹುದು. ಕಂಪ್ಯೂಟರ್‌ಗೆ ಅದೊಂದು ಸಣ್ಣ ಹೋಂವರ್ಕ್. ಪರದೆಯ ಮೇಲೆ ಕಂಡ ಪದಗಳು ಮಾತ್ರ ಬೇರೆ ಯಾವುದೇ ವಾಲೆಟ್‌ನ ಪದಗಳಂತೆಯೇ ಇದ್ದವು.

ಇದೆಲ್ಲ ಬ್ರೌಸರ್‌ನಲ್ಲೇ ಯಾಕೆ?

ಯಾಕೆಂದರೆ ಕ್ರಿಪ್ಟೋ ಬಳಸುವ ಆ್ಯಪ್‌ಗಳಲ್ಲಿ ಬಹುಪಾಲು ವೆಬ್‌ಸೈಟ್‌ಗಳೇ. 2016ರಲ್ಲಿ ಮೆಟಾಮಾಸ್ಕ್ ಎಂಬ ವಾಲೆಟ್ ಬಂದಾಗ ಇದಕ್ಕೊಂದು ಜಾಣ ದಾರಿ ತೋರಿಸಿತು. ವಾಲೆಟ್ ಬ್ರೌಸರ್‌ನ ಎಕ್ಸ್‌ಟೆನ್ಶನ್ ಆಗಿ ಕೂರುತ್ತದೆ. ನೀವು ತೆರೆದ ಪುಟದೊಳಗೆ ಒಂದು ಸಣ್ಣ ಕೋಡ್ ಇಳಿಸುತ್ತದೆ. ಸೈಟ್ ಆ ಕೋಡ್ ಮೂಲಕ "ಈ ವ್ಯವಹಾರಕ್ಕೆ ಸಹಿ ಬೇಕು" ಎಂದು ಕೇಳುತ್ತದೆ. ಒಂದು ಕಿಟಕಿ ತೆರೆದುಕೊಳ್ಳುತ್ತದೆ, ನೀವು ಒಪ್ಪುತ್ತೀರಿ ಅಥವಾ ಬೇಡ ಎನ್ನುತ್ತೀರಿ. ಕೀಲಿ ಎಕ್ಸ್‌ಟೆನ್ಶನ್‌ನ ಸ್ವಂತ ಜಾಗದಲ್ಲಿ ಪಾಸ್‌ವರ್ಡ್‌ನಿಂದ ಮುಚ್ಚಿಕೊಂಡಿರುತ್ತದೆ. ಸೈಟ್‌ಗೆ ಅದು ಕಾಣುವುದಿಲ್ಲ. ಇದು ಕಡಿಮೆ ಸಾಧನೆ ಅಲ್ಲ.

ಆದರೆ ಬ್ರೌಸರ್ ಹುಟ್ಟಿದ್ದು ಪುಟ ಓದುವುದಕ್ಕೆ. ಅದರ ಅಭ್ಯಾಸಗಳೆಲ್ಲ ಓದುವವರ ಅನುಕೂಲಕ್ಕೆ ಬೆಳೆದವು. ಕೀಲಿ ಕಾಯುವ ಕೆಲಸಕ್ಕೆ ಆ ಅಭ್ಯಾಸಗಳೇ ಕೆಲವೊಮ್ಮೆ ಮುಳುವಾಗುತ್ತವೆ. 2022ರ ಜೂನ್‌ನಲ್ಲಿ ಹಾಲ್‌ಬಾರ್ನ್ ಎಂಬ ಭದ್ರತಾ ಕಂಪನಿ ಬಯಲಿಗೆ ತಂದ ಒಂದು ದೋಷವನ್ನು ನೋಡಿ. ಮೆಟಾಮಾಸ್ಕ್ ಸೇರಿ ಕೆಲವು ವಾಲೆಟ್‌ಗಳಲ್ಲಿ ಸೀಡ್ ಫ್ರೇಸ್ ಟೈಪ್ ಮಾಡುವಾಗ, ತಪ್ಪಾಗದಿರಲಿ ಎಂದು, ಪದಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಆಯ್ಕೆ ಇತ್ತು. ಒಳ್ಳೆಯ ಸೌಕರ್ಯವೇ. ಆದರೆ ಕಾಣುವಂತೆ ಮಾಡಿದ ಕೂಡಲೇ ಬ್ರೌಸರ್ ಪಾಲಿಗೆ ಆ ಖಾನೆ ಪಾಸ್‌ವರ್ಡ್ ಖಾನೆಯಾಗಿ ಉಳಿಯುವುದಿಲ್ಲ, ಮಾಮೂಲಿ ಅಕ್ಷರದ ಖಾನೆಯಾಗುತ್ತದೆ. ಬ್ರೌಸರ್ ಇದ್ದಕ್ಕಿದ್ದಂತೆ ಮುಚ್ಚಿಹೋದರೆ ನೀವು ಅರ್ಧ ತುಂಬಿದ ಫಾರ್ಮ್ ವಾಪಸ್ ಸಿಗಲಿ ಎಂದು ಅದು ಇಂಥ ಖಾನೆಗಳಲ್ಲಿರುವುದನ್ನು ಡಿಸ್ಕ್‌ಗೆ ಬರೆದಿಟ್ಟುಕೊಳ್ಳುತ್ತದೆ. ಹಾಗೆ 12 ಪದಗಳೂ ಯಾವ ಬೀಗವೂ ಇಲ್ಲದೆ ಡಿಸ್ಕ್ ಸೇರುತ್ತಿದ್ದವು. ವಾಲೆಟ್ ಮಾಡಿದವರದ್ದೂ ಒಳ್ಳೆಯ ಉದ್ದೇಶ, ಬ್ರೌಸರ್ ಮಾಡಿದವರದ್ದೂ ಒಳ್ಳೆಯ ಉದ್ದೇಶ. ಎರಡೂ ಸೇರಿ ಕೀಲಿ ಸೋರಿತು. ದೋಷವನ್ನು ನಂತರ ಸರಿಪಡಿಸಲಾಯಿತು.

ತಾನಾಗಿ ಆಗುವ ಅಪ್‌ಡೇಟ್ ಕೂಡ ಇಂಥದ್ದೇ. ಹಳೆಯ ದೋಷಗಳು ಬೇಗ ಸರಿಹೋಗಲಿ ಎಂದೇ ಆ ಏರ್ಪಾಡು. ಹೊಸ ಕೋಡ್‌ನಲ್ಲೇ ವಿಷ ಇದ್ದರೆ ಅದೂ ಅಷ್ಟೇ ಬೇಗ ಎಲ್ಲರಿಗೂ ತಲುಪುತ್ತದೆ. ಕ್ರೋಮ್‌ನ ಈಗಿನ ನಿಯಮದ ಪ್ರಕಾರ ಎಕ್ಸ್‌ಟೆನ್ಶನ್ ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸುವಂತಿಲ್ಲ. ಟ್ರಸ್ಟ್ ವಾಲೆಟ್ ಪ್ರಕರಣದಲ್ಲಿ ಆ ನಿಯಮ ಕೆಲಸಕ್ಕೆ ಬರಲಿಲ್ಲ. ಕಳ್ಳ ಕೋಡ್ ಪ್ಯಾಕೇಜ್ ಒಳಗೇ ಇತ್ತು. ಸ್ಟೋರ್‌ಗೆ ಹೊಸ ಆವೃತ್ತಿ ಏರಿಸಲು ಬೇಕಾದ ರಹಸ್ಯ ಕೀಲಿ ಸೋರಿಹೋಗಿತ್ತು, ಕಂಪನಿಯ ಒಳಗಿನ ಪರಿಶೀಲನೆಯನ್ನು ದಾಟಿ ಆವೃತ್ತಿ ಹೊರಬಂತು ಎಂದು ಕಂಪನಿಯೇ ಹೇಳಿತು.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಕಂಪ್ಯೂಟರ್ ಪರದೆಯ ದೊಡ್ಡ ಅನುಕೂಲ ಅದರ ಅಗಲ. ಆದರೆ ಹೆಚ್ಚಿನ ಬ್ರೌಸರ್ ವಾಲೆಟ್‌ಗಳು ಬಲಗಡೆ ಮೂಲೆಯಲ್ಲಿ ಮೊಬೈಲ್ ಗಾತ್ರದ ಕಿಟಕಿ ತೆರೆದು ಕೂರುತ್ತವೆ. ಐಕಾನ್ ಒತ್ತಿ ತೆರೆದ ಆ ಕಿಟಕಿಯ ಹೊರಗೆ ಎಲ್ಲಾದರೂ ಕ್ಲಿಕ್ ಮಾಡಿದರೆ ಅದು ಮುಚ್ಚಿಹೋಗುತ್ತದೆ. ವಿಳಾಸ ಕಾಪಿ ಮಾಡಲು ಬೇರೆ ಟ್ಯಾಬ್‌ಗೆ ಹೋಗಿ ಬಂದರೆ ಕಿಟಕಿ ಮಾಯ. ಕ್ರೋಮ್ 2023ರಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಸೈಡ್ ಪ್ಯಾನೆಲ್ ಕೊಟ್ಟಿತು. ಪುಟದ ಪಕ್ಕದಲ್ಲೇ ತೆರೆದಿರುವ ಪಟ್ಟಿ ಅದು, ಟ್ಯಾಬ್ ಬದಲಾಯಿಸಿದರೂ ನಿಲ್ಲುತ್ತದೆ. ಡೆಸ್ಕ್‌ಟಾಪ್ ವಾಲೆಟ್ ಮಾಡುವವರು ಮೊದಲು ಹಿಡಿಯಬೇಕಾದದ್ದು ಇದನ್ನೇ. ಹಾಗೇ, ಎರಡು ಮೂರು ವಾಲೆಟ್ ಹಾಕಿಕೊಂಡವರ ಬ್ರೌಸರ್‌ನಲ್ಲಿ "ಸೈಟ್‌ಗೆ ನಾನೇ ಉತ್ತರ ಕೊಡುತ್ತೇನೆ" ಎಂದು ಅವು ಜಗಳಾಡುತ್ತಿದ್ದವು. ಇಐಪಿ-6963 ಎಂಬ ಒಪ್ಪಂದ ಬಂದ ಮೇಲೆ ಸೈಟ್‌ಗಳು ಇರುವ ವಾಲೆಟ್‌ಗಳನ್ನೆಲ್ಲ ಪಟ್ಟಿ ಮಾಡಿ, ಆರಿಸುವ ಕೆಲಸವನ್ನು ಬಳಸುವವರಿಗೆ ಬಿಡುವುದು ಸಾಧ್ಯವಾಯಿತು.

ಹನ್ನೆರಡು ಪದಗಳ ಜಗಳ

ಸುಲಭದ ಚರ್ಚೆ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಹೊಸಬರೊಬ್ಬರು ವಾಲೆಟ್ ಹಾಕಿಕೊಳ್ಳುತ್ತಾರೆ. ಇನ್ನೂ ಒಂದು ಪೈಸೆ ಇಲ್ಲ. ಆಗಲೇ ಪರದೆ ಹೇಳುತ್ತದೆ: ಈ 12 ಪದಗಳನ್ನು ಕಾಗದದಲ್ಲಿ ಬರೆದುಕೊಳ್ಳಿ, ಕಳೆದರೆ ಎಲ್ಲ ಹೋಯಿತು, ಯಾರಿಗಾದರೂ ತೋರಿಸಿದರೂ ಎಲ್ಲ ಹೋಯಿತು. ಬಹಳ ಜನ ಸ್ಕ್ರೀನ್‌ಶಾಟ್ ತೆಗೆದು ಮುಂದೆ ಹೋಗುತ್ತಾರೆ. ಆ ಚಿತ್ರ ಕ್ಲೌಡ್‌ಗೆ ಹೋಗಿ ಕೂರುತ್ತದೆ.

ಜನರನ್ನು ಬೈಯುವುದು ಸುಲಭ. ಆದರೆ ಇದು ಕ್ರಿಪ್ಟೋಗಿಂತ ಹಳೆಯ ಸಮಸ್ಯೆ. 1999ರಲ್ಲಿ ಅಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಎಂಬ ಸಂಶೋಧಕರು 12 ಜನರಿಗೆ ಪಿಜಿಪಿ ಎಂಬ ಇಮೇಲ್ ಗೂಢಲಿಪಿ ಸಾಫ್ಟ್‌ವೇರ್ ಕೊಟ್ಟು 90 ನಿಮಿಷ ಸಮಯ ಕೊಟ್ಟರು. ಮೂರನೇ ಒಂದು ಪಾಲು ಜನ ಮಾತ್ರ ಸರಿಯಾಗಿ ಸಂದೇಶ ಕಳಿಸಿದರು. ಕಾಲು ಭಾಗ ಜನ ಕಾಪಾಡಬೇಕಿದ್ದ ಗುಟ್ಟನ್ನೇ ತಿಳಿಯದೆ ಬಯಲು ಮಾಡಿದರು. ನೋಡಲು ಅಂದವಾಗಿದ್ದ ಸಾಫ್ಟ್‌ವೇರ್ ಅದು. ಕೀಲಿ ಎಂದರೇನು ಎಂಬುದು ಬಳಸುವವರ ತಲೆಗೆ ಇಳಿಯದೆ ಹೋದರೆ ಚಂದದ ಪರದೆಯಿಂದ ಏನೂ ಆಗುವುದಿಲ್ಲ ಎಂದು ಆಗಲೇ ತಿಳಿದಿತ್ತು.

ಈಗ ಮೂರು ಬಣಗಳಿವೆ. ಮೊದಲನೆಯವರು ಹೇಳುವುದು: ಕೀಲಿ ನಿಮ್ಮ ಕೈಯಲ್ಲಿರಬೇಕು, ಕಷ್ಟವಾದರೂ ಕಲಿಯಿರಿ. ಇವರ ಬಳಿ ಗಟ್ಟಿ ಸಾಕ್ಷಿ ಇದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಮುಳುಗಿದಾಗ ಗ್ರಾಹಕರ ದುಡ್ಡು ಅದರ ಜೊತೆ ಸಿಕ್ಕಿಹಾಕಿಕೊಂಡಿತು. ಕೀಲಿ ತಮ್ಮ ಬಳಿಯೇ ಇಟ್ಟುಕೊಂಡವರಿಗೆ ಆ ತೊಂದರೆ ಆಗಲಿಲ್ಲ.

ಎರಡನೆಯವರು ಪದಗಳನ್ನೇ ಮರೆಮಾಡಿ ಎನ್ನುತ್ತಾರೆ. ಬೆರಳಚ್ಚು ಅಥವಾ ಕಂಪ್ಯೂಟರ್ ಪಿನ್‌ನಿಂದ ತೆರೆಯುವ ಪಾಸ್‌ಕೀ ಸಾಕು. ಕಾಯಿನ್‌ಬೇಸ್ 2024ರಲ್ಲಿ ತಂದ ಸ್ಮಾರ್ಟ್ ವಾಲೆಟ್ ಈ ದಾರಿಯದ್ದು. ಪಾಸ್‌ಕೀಗೆ ಒಂದು ನಿಜವಾದ ಗುಣ ಇದೆ: ಅದು ಹುಟ್ಟಿದ ಡೊಮೈನ್‌ಗೆ ಮಾತ್ರ ಕೆಲಸ ಮಾಡುತ್ತದೆ. ಒಂದಕ್ಷರ ಬದಲಿಸಿದ ನಕಲಿ ಸೈಟ್ ಅದನ್ನು ಕರೆಯಲಾರದು. ಬಾಯಿಬಿಟ್ಟು ಹೇಳುವ ಪದಗಳೇ ಇಲ್ಲದಿದ್ದರೆ ಫೋನ್ ಮಾಡಿ ಪದ ಕೇಳುವ ವಂಚಕರಿಗೂ ಕೆಲಸವಿಲ್ಲ. ಆದರೆ ಪಾಸ್‌ಕೀ ಸಾಮಾನ್ಯವಾಗಿ ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿ ಉಳಿಯುವುದರಿಂದ ನಿಮ್ಮ ದುಡ್ಡಿನ ದಾರಿ ಈಗ ಆ ಖಾತೆಯ ಮೂಲಕ ಹೋಗುತ್ತದೆ. ಆ ಖಾತೆ ಬಂದ್ ಆದರೆ? ಆ ಡೊಮೈನ್ ಇಟ್ಟುಕೊಂಡ ಕಂಪನಿಯೇ ಮುಚ್ಚಿದರೆ? ಕಂಪನಿಯ ನಂಬಿಕೆಯಿಂದ ತಪ್ಪಿಸಿಕೊಳ್ಳಲು ಹೊರಟು ಮತ್ತೊಂದು ಕಂಪನಿಯ ಬಾಗಿಲಿಗೆ ಬಂದ ಹಾಗಾಯಿತು ಎಂದು ಮೊದಲ ಬಣ ಹೇಳಿದರೆ ಸುಮ್ನೆ ತಳ್ಳಿಹಾಕಲಾಗದು.

ಮೂರನೆಯದು ಈಥೀರಿಯಂ (ಈಥರ್ ನಾಣ್ಯ ಓಡುವ ಬ್ಲಾಕ್‌ಚೈನ್) ಕಟ್ಟಿದವರಲ್ಲಿ ಒಬ್ಬರಾದ ವಿಟಾಲಿಕ್ ಬ್ಯುಟೆರಿನ್ 2021ರಲ್ಲಿ ಜೋರಾಗಿ ವಾದಿಸಿದ ದಾರಿ: ನಂಬಿಕಸ್ಥರ ಮೂಲಕ ಖಾತೆ ಮರಳಿ ಪಡೆಯುವುದು. ನೀವು ಆರಿಸಿದ ಕೆಲವರು, ಅವರಲ್ಲಿ ಹೆಚ್ಚಿನವರು ಒಪ್ಪಿದರೆ, ನಿಮ್ಮ ಖಾತೆಗೆ ಹೊಸ ಕೀಲಿ ಹಾಕಬಹುದು. ದಿನನಿತ್ಯ ದುಡ್ಡು ಮುಟ್ಟುವ ಹಕ್ಕು ಅವರಿಗಿಲ್ಲ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಚೆನ್ನಾಗಿದೆ. ಬಳಕೆಯಲ್ಲಿ ತೊಡಕು ಏನೆಂದರೆ, ಕ್ರಿಪ್ಟೋ ಬಲ್ಲ ಮೂರ್ನಾಲ್ಕು ನಂಬಿಕಸ್ಥರು ಎಲ್ಲರಿಗೂ ಇರುವುದಿಲ್ಲ.

ಮೂರೂ ಬಣಗಳು ಒಂದು ಸಣ್ಣ ವಿಷಯವನ್ನು ಬಿಟ್ಟುಬಿಡುತ್ತವೆ: ಯಾವಾಗ ಕೇಳುವುದು ಎಂಬುದು. ಖಾಲಿ ಖಾತೆಗೆ ಯಾರೂ ಕಾಳಜಿಯಿಂದ ಬ್ಯಾಕಪ್ ಮಾಡುವುದಿಲ್ಲ. ಮೊದಲ ದಿನ ಪಾಸ್‌ಕೀ ಸಾಕು. ಒಂದಷ್ಟು ದುಡ್ಡು ಸೇರಿದಾಗ "ಈಗ ಎರಡನೇ ದಾರಿ ಮಾಡಿಟ್ಟುಕೊಳ್ಳಿ" ಎಂದು ವಾಲೆಟ್ ಕೇಳಲಿ. ಇನ್ನೂ ಜಾಸ್ತಿಯಾದರೆ ಹಾರ್ಡ್‌ವೇರ್ ಸಾಧನದ ಮಾತು ಎತ್ತಲಿ. ಕಳಕೊಳ್ಳಲು ಏನಾದರೂ ಇರುವಾಗ ಎಚ್ಚರಿಕೆ ಕಿವಿಗೆ ಬೀಳುತ್ತದೆ.

ಸಹಿ ಕೇಳುವ ಪರದೆ

ಸೀಡ್ ಫ್ರೇಸ್ ಬಗ್ಗೆ ಇಷ್ಟೆಲ್ಲ ಮಾತು ನಡೆಯುತ್ತದೆ. ಆದರೆ ಕೀಲಿ ಕಳವಾಗದೆಯೂ ದುಡ್ಡು ಹೋಗುತ್ತದೆ. ಮಾಲೀಕರೇ ಸಹಿ ಹಾಕಿರುತ್ತಾರೆ. ಏನಕ್ಕೆ ಹಾಕಿದ್ದು ಎಂದು ಗೊತ್ತಿರುವುದಿಲ್ಲ.

ಅಪ್ರೂವಲ್ ಎಂಬುದನ್ನೇ ತೆಗೆದುಕೊಳ್ಳಿ. ಈಥೀರಿಯಂನಲ್ಲಿ ಒಂದು ಟೋಕನ್ (ಅದರ ಮೇಲೆ ಓಡುವ ಬೇರೆ ನಾಣ್ಯ) ಕೊಟ್ಟು ಇನ್ನೊಂದು ಕೊಳ್ಳಬೇಕಾದರೆ ಮೊದಲು "ನನ್ನ ಟೋಕನ್ ತೆಗೆದುಕೊಳ್ಳಬಹುದು" ಎಂದು ಆ ಸೈಟ್‌ನ ಕಾಂಟ್ರ್ಯಾಕ್ಟ್‌ಗೆ, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಅದರ ಪ್ರೋಗ್ರಾಂಗೆ, ಒಪ್ಪಿಗೆ ಕೊಡಬೇಕು. ಪ್ರತಿ ಸಲ ಒಪ್ಪಿಗೆ ಕೊಟ್ಟರೆ ಪ್ರತಿ ಸಲ ಶುಲ್ಕ. ಅದನ್ನು ಉಳಿಸಲು ಸೈಟ್‌ಗಳು ಮಿತಿಯೇ ಇಲ್ಲದ ಒಪ್ಪಿಗೆ ಕೇಳುವ ರೂಢಿ ಮಾಡಿಕೊಂಡವು. ಮೊತ್ತದ ಜಾಗದಲ್ಲಿ 78 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಸಹಿ ಮಾಡಿದ ಖಾಲಿ ಚೆಕ್ ಅದು, ರದ್ದು ಮಾಡುವವರೆಗೂ ನಡೆಯುತ್ತದೆ. ಹಳೆಯ ವಾಲೆಟ್ ಪರದೆಯಲ್ಲಿ ಇದು ಹೇಗೆ ಕಾಣುತ್ತಿತ್ತು? "ಕಾಂಟ್ರ್ಯಾಕ್ಟ್ ಇಂಟರಾಕ್ಷನ್" ಎಂಬ ಶೀರ್ಷಿಕೆ, ಕೆಳಗೆ 095ಇಎ7ಬಿ3 ಎಂದು ಶುರುವಾಗುವ ಉದ್ದನೆಯ ಅಕ್ಷರಮಾಲೆ, ಅದರ ಕೆಳಗೆ ನೀಲಿ ಬಣ್ಣದ ದೊಡ್ಡ ಕನ್ಫರ್ಮ್ ಬಟನ್. ಆ ಎಂಟು ಅಕ್ಷರಗಳೇ ಅಪ್ರೂವ್ ಆದೇಶ ಎಂದು ಬಲ್ಲವರು ಎಷ್ಟು ಜನ?

2021ರ ಡಿಸೆಂಬರ್‌ನಲ್ಲಿ ಬ್ಯಾಡ್ಜರ್‌ಡಾವೋ ಎಂಬ ಯೋಜನೆಯ ಬಳಕೆದಾರರು ಹೀಗೆಯೇ ಸುಮಾರು 12 ಕೋಟಿ ಡಾಲರ್ ಕಳಕೊಂಡರು. ಸೈಟ್ ನಕಲಿ ಆಗಿರಲಿಲ್ಲ, ವಿಳಾಸ ಸರಿಯಿತ್ತು. ಕಳ್ಳರು ಸೈಟ್‌ನ ಪುಟದೊಳಗೆ ತಮ್ಮ ಸ್ಕ್ರಿಪ್ಟ್ ನುಗ್ಗಿಸಿ, ಮಾಮೂಲಿ ಕೆಲಸದ ಮಧ್ಯೆ ಹೆಚ್ಚುವರಿ ಅಪ್ರೂವಲ್‌ಗಳನ್ನು ಕೇಳಿದ್ದರು. "ಯುಆರ್‌ಎಲ್ ನೋಡಿಕೊಳ್ಳಿ" ಎಂಬ ಬುದ್ಧಿವಾದ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತಡೆಯಬಹುದಾಗಿದ್ದ ಕೊನೆಯ ಜಾಗ ವಾಲೆಟ್ ಪರದೆ ಒಂದೇ.

ಪರ್ಮಿಟ್ ಎಂಬ ಸಹಿ ಇನ್ನೂ ನಾಜೂಕು. ಇದಕ್ಕೆ ಶುಲ್ಕವೇ ಇಲ್ಲ. ಬ್ಲಾಕ್‌ಚೈನ್‌ಗೆ ಆಗಲೇ ಏನೂ ಹೋಗುವುದಿಲ್ಲ. ಹಾಗಾಗಿ ಸೈಟ್‌ಗೆ ಲಾಗಿನ್ ಆಗುವ ಸಹಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅದರ ಬಲ ಅಪ್ರೂವಲ್‌ನಷ್ಟೇ. ಶುಲ್ಕ ಕೇಳಿದರೆ ಜನ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಪುಕ್ಕಟೆ ಅಂದರೆ ಒತ್ತಿಬಿಡುತ್ತಾರೆ. ಸೌಕರ್ಯಕ್ಕಾಗಿ ಶುಲ್ಕ ತೆಗೆದಾಗ, ನಿಂತು ನೋಡಲು ಇದ್ದ ಒಂದು ಕಾರಣವೂ ಹೋಯಿತು.

ಬೈಬಿಟ್‌ನಲ್ಲಿ ಆದದ್ದು ಇದರದ್ದೇ ದೊಡ್ಡ ರೂಪ. ಅವರು ಬಳಸುತ್ತಿದ್ದ ಸೇಫ್ ಎಂಬ ಬಹುಸಹಿ ವಾಲೆಟ್‌ನ ಒಬ್ಬ ಡೆವಲಪರ್‌ನ ಕಂಪ್ಯೂಟರ್ ಕಳ್ಳರ ವಶವಾಗಿತ್ತು. ಅಲ್ಲಿಂದ ಸೇಫ್‌ನ ವೆಬ್ ಪರದೆಯ ಜಾವಾಸ್ಕ್ರಿಪ್ಟ್ ಬದಲಾಯಿತು. ಪರದೆ ತೋರಿಸಿದ್ದು ಮಾಮೂಲಿ ವರ್ಗಾವಣೆ. ಸಹಿಗೆ ಹೋದದ್ದು ಬೇರೆಯದೇ. ಅದರಲ್ಲಿ ಆಪರೇಶನ್ ಎಂಬ ಜಾಗದಲ್ಲಿ 0 ಬದಲು 1 ಇತ್ತು. ಆ 1ರ ಅರ್ಥ: ಇನ್ನೊಂದು ಕಾಂಟ್ರ್ಯಾಕ್ಟ್‌ನ ಕೋಡನ್ನು ನನ್ನದೇ ಕೋಡ್ ಎಂಬಂತೆ ಓಡಿಸು. ಆ ಕೋಡ್ ವಾಲೆಟ್‌ನ ಯಜಮಾನಿಕೆಯನ್ನೇ ಬದಲಿಸಿತು. ಕೈಯಲ್ಲಿದ್ದ ಹಾರ್ಡ್‌ವೇರ್ ಸಾಧನ ಸುಳ್ಳು ಹೇಳಲಿಲ್ಲ. ಆದರೆ ಅದರ ಪುಟ್ಟ ಪರದೆ ತೋರಿಸಿದ್ದು ಮನುಷ್ಯರಿಗೆ ಓದಲಾಗದ ಅಕ್ಷರಗಳನ್ನು. ಓದಲಾಗದ್ದಕ್ಕೆ ಸಹಿ ಹಾಕುವುದಕ್ಕೆ ಈ ವಲಯದಲ್ಲಿ ಬ್ಲೈಂಡ್ ಸೈನಿಂಗ್ ಎನ್ನುತ್ತಾರೆ. ಕಳವಾದ ಎರಡೇ ನಿಮಿಷಕ್ಕೆ ಸೇಫ್‌ನ ಜಾವಾಸ್ಕ್ರಿಪ್ಟ್ ಮೊದಲಿನಂತೆ ಶುದ್ಧವಾಗಿತ್ತು. ಕಳ್ಳರು ಅಷ್ಟು ಅಚ್ಚುಕಟ್ಟು.

ಹಾಗಾದರೆ ಒಳ್ಳೆಯ ಪರದೆ ಏನು ಹೇಳಬೇಕು? ಹೆಚ್ಚುಕಡಿಮೆ ಹೀಗೆ (ಯುಎಸ್‌ಡಿಸಿ ಎಂದರೆ ಡಾಲರ್ ಬೆಲೆಗೆ ಕಟ್ಟಿದ ಒಂದು ಟೋಕನ್): "ಈ ಸೈಟ್ ನಿಮ್ಮ ಯುಎಸ್‌ಡಿಸಿಯನ್ನು ಮಿತಿಯಿಲ್ಲದೆ ತೆಗೆದುಕೊಳ್ಳುವ ಹಕ್ಕು ಕೇಳುತ್ತಿದೆ. ಈಗಿನ ವ್ಯವಹಾರಕ್ಕೆ ಬೇಕಾದದ್ದು 500. ನಿಮ್ಮಲ್ಲಿರುವುದು 8,200. ಈ ಕಾಂಟ್ರ್ಯಾಕ್ಟ್ ಜೊತೆ ಇದು ನಿಮ್ಮ ಮೊದಲ ವ್ಯವಹಾರ." ಕೆಳಗೆ ಮೊದಲ ಬಟನ್: "500ಕ್ಕೆ ಮಾತ್ರ ಒಪ್ಪಿಗೆ." ಮಿತಿಯಿಲ್ಲದ ಒಪ್ಪಿಗೆ ಬೇಕಾದವರು ಹುಡುಕಿ ಒತ್ತಲಿ. ಇಷ್ಟು ಹೇಳಲು ಮೂಲೆಯ ಸಣ್ಣ ಕಿಟಕಿ ಸಾಲದು. ಡೆಸ್ಕ್‌ಟಾಪ್‌ನಲ್ಲಿ ಜಾಗಕ್ಕೇನು ಕಮ್ಮಿ?

ಇದರ ಅರ್ಧ ಈಗಾಗಲೇ ಬಂದಿದೆ. ಸಹಿಗೆ ಮೊದಲೇ ವ್ಯವಹಾರವನ್ನು ಸುಳ್ಳುಸುಳ್ಳೇ ನಡೆಸಿ ನೋಡಿ "ನಿಮ್ಮಿಂದ ಇದು ಹೋಗುತ್ತದೆ, ಇದು ಬರುತ್ತದೆ" ಎಂದು ತೋರಿಸುವ ಸಿಮ್ಯುಲೇಶನ್ ಹಲವು ವಾಲೆಟ್‌ಗಳಲ್ಲಿದೆ. ಒಳ್ಳೆಯದು, ಆದರೆ ಪೂರ್ತಿ ನಂಬುವ ಹಾಗಿಲ್ಲ. ತೋರಿಸಿದ ಗಳಿಗೆಗೂ ಸಹಿ ಬಿದ್ದ ಗಳಿಗೆಗೂ ನಡುವೆ ಕಾಂಟ್ರ್ಯಾಕ್ಟ್‌ನ ಸ್ಥಿತಿ ಬದಲಾಗಬಹುದು. 2025ರ ಜನವರಿಯಲ್ಲಿ ಒಬ್ಬರು ಇದೇ ತಂತ್ರಕ್ಕೆ ಸಿಕ್ಕಿ 143 ಈಥರ್ ಕಳಕೊಂಡರು. ಸಿಮ್ಯುಲೇಶನ್ ಹಳೆಯದಾದರೆ ಬಟನ್ ತಾನೇ ನಿಷ್ಕ್ರಿಯವಾಗಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಇಂಥ ವಿವರ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಮೊಟಕು ಮಾಡಿದ ವಿಳಾಸ

ಈಥೀರಿಯಂ ವಿಳಾಸಕ್ಕೆ 42 ಅಕ್ಷರ. ಪರದೆ ಚೊಕ್ಕಟವಾಗಿ ಕಾಣಲಿ ಎಂದು ವಾಲೆಟ್‌ಗಳು ಮೊದಲ ಕೆಲವು, ಕೊನೆಯ ಕೆಲವು ಅಕ್ಷರ ತೋರಿಸಿ ನಡುವೆ ಚುಕ್ಕಿ ಇಟ್ಟವು. ಜನ ಅಷ್ಟನ್ನೇ ಹೋಲಿಸಿ ನೋಡಲು ಕಲಿತರು. ಕಳ್ಳರು ಮೊದಲೂ ಕೊನೆಯೂ ಹೊಂದುವ ವಿಳಾಸಗಳನ್ನು ಕಂಪ್ಯೂಟರ್‌ನಿಂದ ಹುಟ್ಟಿಸಿದರು. ಅವುಗಳಿಂದ ಪುಡಿಗಾಸಿನ ಅಥವಾ ಸೊನ್ನೆ ಮೊತ್ತದ ವ್ಯವಹಾರ ಮಾಡಿ ನಿಮ್ಮ ಹಳೆಯ ಪಟ್ಟಿಯಲ್ಲಿ ಸೇರಿಕೊಂಡರು. ಮುಂದಿನ ಸಲ ನೀವು ಪಟ್ಟಿಯಿಂದ ಕಾಪಿ ಮಾಡುವಾಗ ಅವರ ವಿಳಾಸ ಎತ್ತಿಕೊಳ್ಳುತ್ತೀರಿ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಒಂದೇ ಏಟಿಗೆ ಸುಮಾರು 6.8 ಕೋಟಿ ಡಾಲರ್ ಬೆಲೆಯ ಟೋಕನ್ ಕಳಿಸಿಬಿಟ್ಟರು. ಅಚ್ಚರಿಯೆಂದರೆ ಕಳ್ಳರು ನಂತರ ಬಹುಪಾಲನ್ನು ಹಿಂತಿರುಗಿಸಿದರು. ಎಲ್ಲರಿಗೂ ಅಂಥ ಕಳ್ಳರು ಸಿಗುವುದಿಲ್ಲ.

ಇದು ಪೂರ್ತಿಯಾಗಿ ವಿನ್ಯಾಸದ ಕೂಸು. ಮೂರು ಚುಕ್ಕಿ ಇಟ್ಟದ್ದೇ ದಾಳಿಗೆ ದಾರಿ ಮಾಡಿತು. ಅಗಲ ಪರದೆಯಲ್ಲಿ ಪೂರ್ತಿ ವಿಳಾಸವನ್ನು ನಾಲ್ಕು ನಾಲ್ಕು ಅಕ್ಷರಗಳ ಗುಂಪಾಗಿ ತೋರಿಸಬಹುದು. ನೀವೇ ಹೆಸರಿಟ್ಟ ವಿಳಾಸಗಳನ್ನು ಬೇರೆ ಬಣ್ಣದಲ್ಲಿ ಇಡಬಹುದು. ಸೊನ್ನೆ ಮೊತ್ತದ ಒಳಬರುವ ವ್ಯವಹಾರಗಳನ್ನು ಪಟ್ಟಿಯಿಂದಲೇ ಮರೆಮಾಡಬಹುದು.

ಹಾಗೆಂದು ಎಲ್ಲಕ್ಕೂ ಕೆಂಪು ಎಚ್ಚರಿಕೆ ಹಾಕಿದರೆ ಆಗದು. ದಿನಕ್ಕೆ ಹತ್ತು ಸಲ ಕಂಡ ಎಚ್ಚರಿಕೆಯನ್ನು ಹನ್ನೊಂದನೇ ಸಲ ಯಾರೂ ಓದುವುದಿಲ್ಲ. ಪರಿಚಿತ ವಿಳಾಸಕ್ಕೆ ಸಣ್ಣ ಮೊತ್ತ ಒಂದೇ ಕ್ಲಿಕ್‌ಗೆ ಹೋಗಲಿ. ಹೊಸ ವಿಳಾಸಕ್ಕೆ ಅರ್ಧ ಖಾತೆ ಹೋಗುವಾಗ ಮಾತ್ರ ವಾಲೆಟ್ ಅಡ್ಡ ನಿಲ್ಲಲಿ. ಅಡ್ಡ ನಿಲ್ಲುವುದು ಅಪರೂಪವಾದಷ್ಟೂ ಜನ ಅದನ್ನು ಗಮನಿಸುತ್ತಾರೆ. ಗ್ಯಾಸ್ ಎಂಬ ವ್ಯವಹಾರ ಶುಲ್ಕ, ಅದನ್ನು ಅಳೆಯುವ ಗ್ವೀ ಎಂಬ ಅಳತೆ, ನೆಟ್‌ವರ್ಕ್ ಬದಲಾಯಿಸುವುದು ಇವನ್ನೆಲ್ಲ ಧೈರ್ಯವಾಗಿ ಮರೆಮಾಡಬಹುದು. ಅವನ್ನು ತಿಳಿದುಕೊಂಡ ಮಾತ್ರಕ್ಕೆ ಯಾರ ದುಡ್ಡೂ ಉಳಿಯುವುದಿಲ್ಲ.

ಖಾತೆಯೇ ಬುದ್ಧಿವಂತವಾದರೆ

ಪರದೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಓಡಿಸುವ ಕೋಡ್ ಕೆಟ್ಟರೆ ಮುಗಿಯಿತು. ಟ್ರಸ್ಟ್ ವಾಲೆಟ್‌ನ 2.68 ಆವೃತ್ತಿ ತೋರಿಸಿದ್ದು ಅದನ್ನೇ. ಆದ್ದರಿಂದ ಕೆಲವು ನಿಯಮಗಳು ಬ್ರೌಸರ್‌ನಿಂದ ಹೊರಗೆ, ಬ್ಲಾಕ್‌ಚೈನ್‌ನಲ್ಲೇ ಇರಬೇಕು ಎಂಬ ವಾದ ಬಲವಾಗುತ್ತಿದೆ. 2023ರ ಮಾರ್ಚ್‌ನಿಂದ ಈಥೀರಿಯಂನಲ್ಲಿ ಬಳಕೆಗೆ ಬಂದ ಇಆರ್‌ಸಿ-4337 ಪ್ರಕಾರ ಖಾತೆಯೇ ಒಂದು ಪ್ರೋಗ್ರಾಂ ಆಗಬಹುದು. ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಹೋಗಬಾರದು, ದೊಡ್ಡ ಮೊತ್ತ ಒಂದು ದಿನ ಕಾಯಬೇಕು, ಹೊಸ ವಿಳಾಸಕ್ಕೆ ಎರಡನೇ ಸಾಧನದ ಸಹಿ ಬೇಕು ಎಂದೆಲ್ಲ ಬರೆದಿಡಬಹುದು. ಆಗ ಎಕ್ಸ್‌ಟೆನ್ಶನ್‌ನಲ್ಲಿರುವ ಕೀಲಿ ಕಳವಾದರೂ ಹೋಗುವುದು ಆ ದಿನದ ಮಿತಿ ಮಾತ್ರ. 2025ರ ಡಿಸೆಂಬರ್ 3ರ ಫುಸಾಕಾ ಅಪ್‌ಗ್ರೇಡ್ ಪಾಸ್‌ಕೀ ಬಳಸುವ ಸಹಿಯನ್ನು ಈಥೀರಿಯಂ ನೇರವಾಗಿ ಪರೀಕ್ಷಿಸುವ ಹಾಗೆ ಮಾಡಿತು. ಪಾಸ್‌ಕೀಯಿಂದ ನಡೆಯುವ ಇಂಥ ಖಾತೆಗಳ ಖರ್ಚು ಇದರಿಂದ ಇಳಿಯುತ್ತದೆ.

ಇಲ್ಲೂ ಮುಳ್ಳಿದೆ. 2025ರ ಮೇ 7ರ ಪೆಕ್ಟ್ರಾ ಅಪ್‌ಗ್ರೇಡ್‌ನಲ್ಲಿ ಬಂದ ಇಐಪಿ-7702, ಹಳೆಯ ಖಾತೆಗಳೂ ಒಂದು ಸಹಿಯಿಂದ ತಮ್ಮನ್ನು ಒಂದು ಕಾಂಟ್ರ್ಯಾಕ್ಟ್‌ನ ಕೋಡ್‌ಗೆ ಒಪ್ಪಿಸಲು ಬಿಡುತ್ತದೆ. ಕೋಡ್ ಒಳ್ಳೆಯದಾದರೆ ಮೇಲೆ ಹೇಳಿದ ಸೌಲಭ್ಯಗಳು ಸಿಗುತ್ತವೆ. ಕಳ್ಳರದ್ದಾದರೆ ಒಂದೇ ಸಹಿಗೆ ಇಡೀ ಖಾತೆ ಅವರ ಪಾಲು. ಹಾಗಾಗಿ ಯಾವ ಸೈಟ್ ಕೇಳಿದರೂ ಈ ಸಹಿಯನ್ನು ವಾಲೆಟ್ ಕೊಡಲೇಬಾರದು, ತಾನು ಪರೀಕ್ಷಿಸಿದ ಕೋಡ್‌ಗೆ ಮಾತ್ರ ಕೊಡಬೇಕು ಎಂಬುದು ಸರಿಯಾದ ನಿಲುವು. ಬಳಸುವವರ ಸ್ವಾತಂತ್ರ್ಯ ಕಿತ್ತುಕೊಂಡಿರಿ ಎಂದು ಮೊದಲ ಬಣ ದೂರುತ್ತದೆ. ಬೇಕಾದವರು ಅಂಥ ಸ್ವಾತಂತ್ರ್ಯ ಇರುವ ಬೇರೆ ಸಾಧನ ಬಳಸಲಿ. ಎಲ್ಲರಿಗಾಗಿ ಮಾಡಿದ ವಾಲೆಟ್‌ನಲ್ಲಿ ಆ ಬಟನ್ ಬೇಡ.

ತಡೆದು ನಿಲ್ಲಿಸಿದರೆ ಯಾರಿಗೆ ನಷ್ಟ?

ಇಷ್ಟೆಲ್ಲ ಗೊತ್ತಿದ್ದೂ ಪರದೆಗಳು ನಿಧಾನವಾಗಿ ಯಾಕೆ ಬದಲಾಗುತ್ತಿವೆ? ಒಂದು ಕಾರಣ ದುಡ್ಡು. ವಾಲೆಟ್‌ಗಳು ಪುಕ್ಕಟೆ ಸಿಗುತ್ತವೆ. ಅವುಗಳ ಆದಾಯದಲ್ಲಿ ಒಂದು ಪಾಲು ಒಳಗೇ ನಡೆಯುವ ಟೋಕನ್ ವಿನಿಮಯದಿಂದ ಬರುತ್ತದೆ. ಮೆಟಾಮಾಸ್ಕ್ ಇದಕ್ಕೆ ತೆಗೆದುಕೊಳ್ಳುತ್ತಾ ಬಂದಿರುವ ಶುಲ್ಕ ಶೇ 0.875. ಜನ ಬೇಗ ಬೇಗ ಒತ್ತಿದಷ್ಟೂ ಕಂಪನಿಗೆ ಲಾಭ. "ಒಮ್ಮೆ ನಿಂತು ನೋಡಿ" ಎನ್ನುವ ಪ್ರತಿ ಪರದೆಯೂ ಒಂದಷ್ಟು ವಿನಿಮಯವನ್ನು ಕಳೆಯುತ್ತದೆ. ವಿನ್ಯಾಸಕರು ಸಭೆಯಲ್ಲಿ ಈ ಲೆಕ್ಕದ ಎದುರೇ ವಾದ ಮಾಡಬೇಕು.

ಎರಡನೆಯದು ಹೊಣೆ. ಟ್ರಸ್ಟ್ ವಾಲೆಟ್ ತನ್ನ ಬಳಕೆದಾರರಿಗೆ ನಷ್ಟ ತುಂಬಿಕೊಡುವುದಾಗಿ ಹೇಳಿತು. ತಪ್ಪು ತನ್ನ ಕಡೆಯದು ಎಂದು ಎಲ್ಲರಿಗೂ ಕಾಣುತ್ತಿತ್ತು, ಅಲ್ವಾ? ಬೈಬಿಟ್ ಸಾಲ ಮಾಡಿಯಾದರೂ ತನ್ನ ಗ್ರಾಹಕರ ಲೆಕ್ಕ ಸರಿದೂಗಿಸಿತು. ಆದರೆ ಅರ್ಥವಾಗದ ಪರದೆಯಲ್ಲಿ ಅಪ್ರೂವಲ್ ಒತ್ತಿದ ಒಬ್ಬಂಟಿಗೆ ಯಾರೂ ಇಲ್ಲ. "ನೀವೇ ಸಹಿ ಹಾಕಿದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೀಲಿ ನಿಮ್ಮ ಕೈಯಲ್ಲಿ ಎನ್ನುವ ಮಾತು ಕಂಪನಿಗೂ ಅಷ್ಟೇ ಅನುಕೂಲದ್ದು.

ಪಾಸ್‌ಕೀ, ಇಮೇಲ್ ಲಾಗಿನ್, ಕಂಪನಿಯೇ ನೆರವಾಗುವ ಮರಳಿ ಪಡೆಯುವ ದಾರಿ ಇವೆಲ್ಲ ಮಾಮೂಲಾದ ಮೇಲೆ ಆ ಉತ್ತರ ಹಿಂದಿನಷ್ಟು ಸಲೀಸಾಗಿ ನಡೆಯುವುದಿಲ್ಲ. ಕೀಲಿಯನ್ನು ಮರೆಮಾಡಿದವರು, ಪರದೆಯ ಮಾತುಗಳನ್ನು ಆರಿಸಿದವರು, ಅಪ್‌ಡೇಟ್ ಕಳಿಸಿದವರು ಎಲ್ಲ ಒಂದೇ ಕಂಪನಿ ಆಗಿರುತ್ತದೆ. ಬಳಸುವವರು ಮಾಡಿದ್ದು ಬೆರಳಿಟ್ಟದ್ದು ಮಾತ್ರ. ನಷ್ಟವಾದಾಗ ಕೇಳುವ ಮೊದಲ ಪ್ರಶ್ನೆ "ನೀವು ಏನು ಒತ್ತಿದಿರಿ?" ಎಂಬಲ್ಲಿಂದ "ಅವರಿಗೆ ಏನು ತೋರಿಸಿದಿರಿ?" ಎಂಬಲ್ಲಿಗೆ ಸರಿಯುವ ಸಾಧ್ಯತೆ ಜಾಸ್ತಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಪ್ರತಿ ಸಹಿಯ ಹೊತ್ತಿಗೆ ಪರದೆಯ ಮೇಲೆ ಇದ್ದದ್ದೇನು ಎಂಬ ದಾಖಲೆಯನ್ನು ವಾಲೆಟ್ ಉಳಿಸಿಕೊಳ್ಳಬೇಕಾಗುತ್ತದೆ.